ಮಲಗಿದ ಗಡ್ಡೆಗೆ ನೀರು ಹಾಕಬಾರದು

೧೧ ಫೆಬ್ರುವರಿ ೧೯೭೩, ಭಾನುವಾರ. ಮುದ್ದೇಬಿಹಾಳ

ತಂಗಿ ಚನ್ನವ್ವ ಬಂದಳು. ಗಂಡ ರೇವಪ್ಪ ತಂದು ಬಿಟ್ಟು ಹೋದ ಅಂತ ಬರೆಯುವುದೇ ಸರಿ, ತಾನಾಗಿ ಬರುವ ಸ್ಥಿತಿ ಅವಳದಲ್ಲ. ಸಾಲೋಟಗಿಯಿಂದ ಇಂಡಿ, ಇಂಡಿಯಿಂದ ಸಿಂದಗಿ, ಅಲ್ಲಿಂದ ಇನ್ನೊಂದು ಬಸ್ಸು. ಮೂರು ಬಸ್ಸಿನ ಧೂಳು ಮುಖದ ಮೇಲಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ನಾನೇ ಸೆರಗು ಒದ್ದೆ ಮಾಡಿ ಒರೆಸಿದೆ.

ಕೂಸು ಹೋಗಿ ಐದು ವಾರವಾಯಿತು. ನಲವತ್ತು ದಿನದ ಹಸುಳೆ, ಜ್ವರ ಬಂದು ಮೂರನೆಯ ದಿನಕ್ಕೆ ಮುಗಿಯಿತು. ಅಂದಿನಿಂದ ಚನ್ನಿ ಒಂದು ಮಾತೂ ಆಡಿಲ್ಲ. ಕೂಡಿಸಿದರೆ ಕೂಡುತ್ತಾಳೆ, ತುತ್ತು ಬಾಯಿಗಿಟ್ಟರೆ ನುಂಗುತ್ತಾಳೆ. ಯಾರೋ ಡಾಕ್ಟರು ಟಾನಿಕ್ ಬರೆದುಕೊಟ್ಟು, ಮನಸ್ಸಿಗೆ ಪೆಟ್ಟಾಗಿದೆ, ಕಾಯಬೇಕು ಅಂದರಂತೆ. ಕಾಯಿರಿ ಅನ್ನುವುದಕ್ಕೆ ಡಾಕ್ಟರೇ ಆಗಬೇಕೆ? ನನ್ನ ಒಂಬತ್ತನೆಯ ತರಗತಿಯ ಹುಡುಗಿಯರೂ ಹೇಳುತ್ತಿದ್ದರು.

ರೇವಪ್ಪ ಹೊಸ್ತಿಲಲ್ಲಿ ನಿಂತು ಟೋಪಿ ಹಿಂಡುತ್ತ ಹೇಳಿದ: "ಅಕ್ಕಾರ, ನಮ್ಮ ಮನ್ಯಾಗ ಆ ತೊಟ್ಟಲಾ ಕಂಡ್ರ ಸಾಕ್ರಿ, ಗ್ವಾಡಿಗಿ ಮಾರಿ ಮಾಡಿ ಕುಂದ್ರತಾಳ. ಬ್ಯಾಸಗಿ ಮುಗಿಯೂತನಾ ನಿಮ್ಮ ಕಡೆ ಇರಲಿ. ಮಿರಗ ಮಳಿ ಆದ ಕೂಡಲೆ ಬಂದು ಕರಕೊಂಡ ಹೋಗ್ತೇನಿ. ಆಕಿ ಒಂದ ಮಾತ ಆಡಿದ್ರ ಸಾಕ್ರಿ, ನನಗ ಬ್ಯಾರೆ ಏನೂ ಬ್ಯಾಡ."

ಈ ಮನುಷ್ಯನನ್ನು ಬೈಯಲು ಇವರ ಮದುವೆಯಾದಾಗಿನಿಂದ ಒಂದು ಕಾರಣ ಹುಡುಕುತ್ತಿದ್ದೇನೆ, ಮೂರು ವರ್ಷವಾದರೂ ಸಿಕ್ಕಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ.

ಅವ್ವ ಇವಳನ್ನು ಹೆತ್ತು ಸತ್ತಾಗ ನನಗೆ ಹದಿನೇಳು. ನನ್ನನ್ನು ನೋಡಲು ಬಂದ ಇಬ್ಬರು ವರಗಳನ್ನು ತಿರುಗಿ ಕಳಿಸಿದ್ದು ಇವಳಿಗಾಗಿ. ಓದಿ ಕೆಲಸ ಹಿಡಿದದ್ದೂ ಇವಳಿಗಾಗಿ. ಇವಳ ಬಾಯಿಂದ ಮೊದಲ ಮಾತು ಹೊರಡಿಸಿದವಳು ನಾನು. ಇನ್ನೊಮ್ಮೆ ಹೊರಡಿಸುತ್ತೇನೆ.

೧೭ ಫೆಬ್ರುವರಿ

ಏನೂ ಇಲ್ಲ. ಬೆಳಿಗ್ಗೆ ಸಾಲಿಗೆ ಹೋಗುವ ಮುಂದೆ ಹೇಗೆ ಮಲಗಿದ್ದಳೋ ಸಂಜೆ ಬಂದಾಗಲೂ ಹಾಗೇ. ನನಗೆ ತಲೆನೋವು, ಊಟ ಸೇರುತ್ತಿಲ್ಲ.

ಪಕ್ಕದ ಮನೆಯ ಇಮಾಮಬಿ ಬಂದು ನೋಡಿದಳು. ಸಂತೆಯಲ್ಲಿ ಬೇರು, ಗಡ್ಡೆ, ತೊಗಟೆ ಮಾರುವ ಮುದುಕಿ, ನನ್ನ ಸಸ್ಯಶಾಸ್ತ್ರದ ಪದವಿಗೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಚನ್ನಿಯ ಕೈ ಹಿಡಿದು ಬಹಳ ಹೊತ್ತು ಕೂತಿದ್ದು, "ಅಕ್ಕೋರ, ಈಕಿಗಿ ಬೇರು ಗೀರು ಏನೂ ಬ್ಯಾಡ. ಜ್ವಾಳದ ಗಂಜಿ, ಮುಂಜಾನಿ ಬಿಸಲು, ಬಾಜೂಕ ಮಂದಿ ಮಾತು. ಇಷ್ಟ ಇದ್ರ ತಾನ ಏಳ್ತಾಳ" ಅಂದಳು.

ಇವಳಿಗೂ ಡಾಕ್ಟರಿಗೂ ಏನು ವ್ಯತ್ಯಾಸವೋ.

೨೬ ಫೆಬ್ರುವರಿ, ಸೋಮವಾರ

ಇವತ್ತು ಪಾಠ ಭೂಗತ ಕಾಂಡಗಳದು. ಶುಂಠಿ, ಉಳ್ಳಾಗಡ್ಡಿ, ಆಲೂಗಡ್ಡೆ ಎಲ್ಲ ಮೇಜಿನ ಮೇಲಿಟ್ಟೆ. ಕಾಡುಸೂರಣದ ಕುಂಡವನ್ನೂ ಒಯ್ದಿದ್ದೆ. ಹೋದ ವರ್ಷ ಹುಡುಗಿಯರನ್ನು ತಂಗಡಗಿಗೆ, ಕೃಷ್ಣೆಯ ದಂಡೆಗೆ ಕರೆದೊಯ್ದಾಗ ಬೇಲಿಯಡಿಯಿಂದ ಕಿತ್ತು ತಂದದ್ದು ಅದು. ಅದರ ಒಂದೇ ಒಂದು ಎಲೆ ದೀಪಾವಳಿಯ ಹೊತ್ತಿಗೆ ಹಳದಿಯಾಗಿ ಬಿದ್ದಿತ್ತು. ಈಗ ಕುಂಡದಲ್ಲಿ ಒಣಮಣ್ಣು ಮಾತ್ರ.

"ಸತ್ತೈತಲ್ರಿ ಅಕ್ಕೋರ?" ಅಂದಳು ಮುಂದಿನ ಬೆಂಚಿನವಳು.

ಮಣ್ಣು ಸರಿಸಿ ಗಡ್ಡೆ ತೋರಿಸಿದೆ. ಮುಟ್ಟಿಸಿದೆ. ಗಟ್ಟಿಯಾಗಿದೆ, ತಣ್ಣಗಿದೆ, ನಡುವೆ ಕಣ್ಣಿದೆ. ಬೇಸಿಗೆ ಬರುತ್ತದೆ ಅಂತ ತಿಳಿದ ಗಿಡ ಎಲೆಯಲ್ಲಿದ್ದುದನ್ನೆಲ್ಲ ಕೆಳಗಿಳಿಸಿಕೊಂಡು, ಎಲೆಯನ್ನು ತಾನೇ ಉದುರಿಸಿ ಮಲಗುತ್ತದೆ. ಉಸಿರಾಟ ಇರುತ್ತದೆ, ಆದರೆ ಬಹಳ ನಿಧಾನ. ಆಗ ಅದನ್ನು ಎಬ್ಬಿಸಬಾರದು. ಪ್ರೀತಿ ಉಕ್ಕಿ ನೀರು ಹಾಕಿದಿರೋ, ಕೊಳೆತು ಹೋಗುತ್ತದೆ. "ಮಲಗಿದ ಗಡ್ಡೆಗೆ ನೀರು ಹಾಕಬಾರದು" ಅಂತ ಹಲಗೆಯ ಮೇಲೆ ಬರೆದು ಎರಡು ಸಲ ಓದಿಸಿದೆ.

ಸಂಜೆ ಮನೆಗೆ ಬಂದರೆ ಚನ್ನಿ ಒಳಕೋಣೆಯಲ್ಲಿ ಮೊಣಕಾಲು ಎದೆಗೆ ತಂದುಕೊಂಡು, ಬೆನ್ನು ಬಾಗಿಸಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು. ಚೀಲ ಕೂಡ ಇಳಿಸದೆ ನಿಂತುಬಿಟ್ಟೆ. ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ನನ್ನ ದಡ್ಡ ತಲೆಗೆ ಇವತ್ತು ಹೊಕ್ಕಿತು.

ಇದು ರೋಗವಲ್ಲ, ಋತು. ಎಷ್ಟೋ ದಿನಗಳ ಮೇಲೆ ಸಂತೋಷವಾಯಿತು, ಅತ್ತೆ ಕೂಡ.

೧೦ ಮಾರ್ಚ್, ಶನಿವಾರ

ಒಳಕೋಣೆಯ ಕಿಟಕಿಗೆ ಗೋಣಿತಟ್ಟು ಹೊಡೆದೆ. ಬಿಸಿಲು ಈಗಲೇ ಕಣ್ಣಿಗೆ ಚುಚ್ಚುತ್ತಿದೆ. ಮಾತಾಡಿಸುವುದನ್ನು ಬಿಟ್ಟೆ, ನೆಮ್ಮದಿಯಾಗಿದ್ದಾಳೆ. ಎರಡು ರೊಟ್ಟಿ ಕೊಡುತ್ತಿದ್ದೆ, ಈಗ ಒಂದು. ಮಲಗಿದ ಜೀವಕ್ಕೆ ಹೆಚ್ಚು ಬೇಡ. ಉಳಿದ ರೊಟ್ಟಿಯನ್ನು ಇಂಥ ಬರದ ವರ್ಷದಲ್ಲಿ ಚೆಲ್ಲುವುದು ಪಾಪ, ನಾನೇ ತಿನ್ನುತ್ತೇನೆ.

ಇಮಾಮಬಿ ದಿನಾ ಬಂದು ಪಕ್ಕದಲ್ಲಿ ಕೂತು ವಟಗುಟ್ಟುತ್ತಿದ್ದಳು. ನಿದ್ದೆ ಕೆಡುತ್ತದೆ, ಬರಬೇಡ ಅಂತ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದಳು.

೪ ಏಪ್ರಿಲ್, ಯುಗಾದಿ

ಬೇವು ಬೆಲ್ಲದಲ್ಲಿ ಬೇವೇ ಹೆಚ್ಚು. ಹೋಳಿಗೆ ಮಾಡಿದೆ. ಚನ್ನಿಗೆ ಅರ್ಧ ಹೋಳಿಗೆ ಕೊಟ್ಟೆ, ನುಂಗಿ ಬಾಯಿ ತೆರೆದೇ ಇದ್ದಳು. ಅಭ್ಯಾಸಬಲ.

ಇಮಾಮಬಿಗೆ ಬಾಗಿಲಲ್ಲೇ ನಾಲ್ಕು ಹೋಳಿಗೆ ಕೊಟ್ಟೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಮೈಕೈ ತುಂಬ್ಯಾವ ನೋಡ್ರಿ ಅಕ್ಕೋರ, ಮಾರಿಗಿ ಕಳೆ ಬಂದೈತಿ. ತಂಗೀ ಪಾಲಿಂದೂ ನೀವ ಉಣ್ಣಾಕತ್ತೀರೇನ?"

ನಾನೂ ನಕ್ಕೆ. ನಿಜ, ಕುಪ್ಪಸದ ತೋಳು ಬಿಗಿಯುತ್ತಿದೆ, ದರ್ಜಿಗೆ ಕೊಡಬೇಕು. ತಲೆನೋವು ಎಂದು ನಿಂತಿತೋ ನೆನಪಿಲ್ಲ.

೧೫ ಏಪ್ರಿಲ್, ಭಾನುವಾರ

ಇವತ್ತು ಆದದ್ದು ಭಯವೋ, ಸಂಭ್ರಮವೋ ತಿಳಿಯದು.

ಸಾಲಿಗೆ ರಜೆ ಬಿದ್ದ ಮೊದಲ ದಿನ. ಮಧ್ಯಾಹ್ನ ಊಟ ಮಾಡಿ ಒರಗಿದ್ದೆ. ಎದ್ದು ನೋಡಿದರೆ ಒಳಕೋಣೆಯಲ್ಲಿ ಚನ್ನಿ ಇಲ್ಲ. ಓಣಿಯ ಕೊನೆಯ ತನಕ ಓಡಿದೆ. ಬಾವಿಯಲ್ಲಿ ಬಗ್ಗಿ ನೋಡಿದೆ. ತಿರುಗಿ ಬಂದು ಹಿತ್ತಲಲ್ಲಿ ನಿಂತಾಗ ಹಗೇವಿನ ಬಾಯಿಂದ ಏಣಿಯ ತುದಿ ಮೇಲೆ ಬಂದಿದ್ದು ಕಂಡಿತು.

ಈ ಮನೆಯ ಮಾಲಕರದು ಆ ಹಗೇವು. ಎರಡಾಳು ಆಳ, ಬಾಯಿ ಕಿರಿದು, ಹೊಟ್ಟೆ ಅಗಲ, ನೆಲದೊಳಗೆ ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ. ಎರಡು ವರ್ಷದಿಂದ ಖಾಲಿ. ಈ ಸಲವಾದರೂ ತುಂಬೀತು ಅಂತ ಹೋದ ತಿಂಗಳು ಕಲ್ಲು ಸರಿಸಿ, ಏಣಿ ಇಳಿಸಿ, ಗಾಳಿಗೆ ಬಿಟ್ಟಿದ್ದರು. ಜೋಳ ಬರಲಿಲ್ಲ, ಹಗೇವು ತೆರೆದೇ ಉಳಿಯಿತು.

ಬಗ್ಗಿ ನೋಡಿದೆ. ಚನ್ನಿ ತಳದಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ನಾನೂ ಇಳಿದೆ. ಏನು ತಂಪು! ಮೇಲೆ ನೂರಾ ಎಂಟು ಡಿಗ್ರಿ, ಕೆಳಗೆ ಹಳೆಯ ಜೋಳದ ವಾಸನೆ, ಕತ್ತಲು, ನಮ್ಮಿಬ್ಬರ ಉಸಿರು. ಚಿಕ್ಕಂದಿನಲ್ಲಿ ಬಾಗೇವಾಡಿಯ ಮನೆಯಲ್ಲಿ ಇವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದಂತೆ ಕೂತೆ. ಎಷ್ಟು ಹೊತ್ತೋ. ಯಾರೂ ನಮ್ಮನ್ನು ಕರೆಯುವವರಿಲ್ಲ.

ಕೆಲವು ಗಡ್ಡೆಗಳಿಗೆ ಕುಗ್ಗುವ ಬೇರುಗಳಿರುತ್ತವೆ. ಬೇರು ಮಣ್ಣನ್ನು ಹಿಡಿದು ಕುಗ್ಗಿದಾಗ ಗಡ್ಡೆ ಒಂದಿಷ್ಟು ಕೆಳಗೆ ಜಗ್ಗುತ್ತದೆ. ವರ್ಷ ವರ್ಷ ಹೀಗೆ ಇಳಿದು, ಬಿಸಿಲು ಮುಟ್ಟದ, ಹಂದಿಯ ಮೂತಿ ಎಟುಕದ ಆಳ ಸೇರುತ್ತದೆ. ಯಾರೂ ಅದಕ್ಕೆ ಹೇಳಿಕೊಟ್ಟಿರುವುದಿಲ್ಲ. ಇವಳಿಗೂ ನಾನು ಹೇಳಿಕೊಟ್ಟಿಲ್ಲ. ತಾನೇ ಇಳಿದಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕೌದಿ, ನೀರಿನ ತಂಬಿಗೆ ಕೆಳಗಿಳಿಸಿದೆ. ಇಲ್ಲೇ ಇರಲಿ.

೨೨ ಏಪ್ರಿಲ್, ಭಾನುವಾರ

ಚನ್ನಿ ಮಾತಾಡಿದಳು.

ಬೆಳಿಗ್ಗೆ ಬುಟ್ಟಿಯಲ್ಲಿ ರೊಟ್ಟಿ ಇಳಿಸುತ್ತಿದ್ದಾಗ ಕೆಳಗಿಂದ ಒಂದು ದನಿ ಬಂತು. ಹದಿನೈದು ವಾರ ಬಳಸದ ದನಿ, ಮೊದಲು ನನಗೆ ಗುರುತೇ ಹತ್ತಲಿಲ್ಲ. "ಅವ್ರು ಯಾವಾಗ ಬರ್ತಾರ?" ಅಂದಳು.

ಅಕ್ಕಾ ಅನ್ನಲಿಲ್ಲ. ಅವ್ರು.

ಹಗ್ಗ ಹಿಡಿದುಕೊಂಡೇ ಇದ್ದೆ. ಮತ್ತೆ ಕೇಳಿದಳು: "ಮಳಿ ಆತೇನ? ನನಗ ಮ್ಯಾಲ ಬರಬೇಕಾಗೇತಿ. ಹಸಿವ್ಯಾಗೇತಿ."

ಅಡಿಗೆಮನೆಯ ಮೂಲೆಯಲ್ಲಿ ಬಾಗೇವಾಡಿ ಉಳ್ಳಾಗಡ್ಡಿಯ ಚೀಲವಿದೆ. ನಿನ್ನೆ ಬಿಚ್ಚಿ ನೋಡಿದರೆ ನಾಲ್ಕಾರು ಕತ್ತಲಲ್ಲೇ ಮೊಳೆತಿದ್ದವು. ಬಿಳಿಚಿದ ಉದ್ದ ಮೊಳಕೆ, ಒಳಗೆಲ್ಲ ಪೊಳ್ಳು. ಕಾಲವಲ್ಲದ ಕಾಲದಲ್ಲಿ ಎದ್ದರೆ ಹೀಗೇ ಆಗುವುದು. ಇದ್ದ ಶಕ್ತಿಯೆಲ್ಲ ಸುಳ್ಳು ಮೊಳಕೆಗೆ ಹೋಗಿ, ನಿಜವಾದ ಮಳೆ ಬಂದಾಗ ಎದ್ದು ನಿಲ್ಲಲು ಕಸುವಿರುವುದಿಲ್ಲ. ಬಿಸಿಲಿಗೆ ಇವಳನ್ನು ಮೇಲೆ ತಂದರೆ ಆ ತೊಟ್ಟಿಲ ನೆನಪು, ಆ ಊರು, ಮತ್ತೆ ಅದೇ.

"ಇನ್ನ ಆಗಿಲ್ಲ ಮಗಳ, ಮಲಗು," ಅಂದೆ. "ಮಾತಾಡಬ್ಯಾಡ. ಮಾತಾಡಿದ್ರ ದಣೀತಿ."

ಬಹಳ ಹೊತ್ತು ಏನೇನೋ ಹೇಳುತ್ತಿದ್ದಳು. ಆಮೇಲೆ ಸುಮ್ಮನಾದಳು. ಚಿಕ್ಕವಳಿದ್ದಾಗಲೂ ಹೇಳಿದ ಮಾತು ಮೀರಿದವಳಲ್ಲ.

ಏಣಿಯನ್ನು ಮೇಲೆ ಎಳೆದು ಜೋಳದ ಕಣಕಿಯ ಬಣವೆಯ ಹಿಂದೆ ಇಟ್ಟೆ. ಓಣಿಯ ಆಡುಗಳು ಬರುತ್ತವೆ, ಕಾಲು ಸಿಕ್ಕಿ ಬಿದ್ದಾವು. ಇವತ್ತು ರಾತ್ರಿ ಒಳ್ಳೆಯ ನಿದ್ದೆ ಬಂದೀತು.

೬ ಮೇ, ಭಾನುವಾರ

ಹೇಳದೆ ಕೇಳದೆ ರೇವಪ್ಪ ಬಂದ. ಹೆಗಲ ಮೇಲೆ ಅರ್ಧ ಚೀಲ ಜೋಳ, ಕೈಯಲ್ಲಿ ಅವನವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಅವರ ಊರಲ್ಲೇ ಜೋಳ ಇಲ್ಲದಿರುವಾಗ ಎಲ್ಲಿಂದ ತಂದನೋ. ಪಡಸಾಲೆಯಲ್ಲಿ ಕೂಡಿಸಿ ಮಜ್ಜಿಗೆ ಕೊಟ್ಟೆ.

"ಮಾತು?" ಅಂತ ಒಂದೇ ಶಬ್ದ ಕೇಳಿದ.

"ಇಲ್ಲಪ್ಪ," ಅಂದೆ.

ಟೋಪಿಯನ್ನು ಮೊಣಕಾಲ ಮೇಲಿಟ್ಟು ನೆಲ ನೋಡಿದ. "ಒಂದೀಟ ಮಾರಿ ನೋಡಿ ಹೋಗ್ತೇನ್ರಿ ಅಕ್ಕಾರ. ಎಬ್ಬಸೂದಿಲ್ಲ. ದೂರ ನಿಂದ್ರತೇನಿ."

"ಒಳಗ ಮಲಗ್ಯಾಳ. ಈಗ ನಿನ್ನ ನೋಡಿದ್ರ ಮತ್ತ ಹಳೇದೆಲ್ಲಾ ಕೆದರಿದಂಗ ಆಕ್ಕೈತಿ. ಇಷ್ಟ ದಿನ ತಡದೀಯಲ್ಲ, ಇನ್ನೊಂದ ತಿಂಗಳ ತಡಿ," ಅಂದೆ. ಸುಳ್ಳೇನು ಹೇಳಿದೆ? ಮಾತಿಲ್ಲ ಅಂದದ್ದೊಂದು ಬಿಟ್ಟರೆ ಎಲ್ಲ ಖರೆ. ಅದೂ ಹೋದ ವಾರದಿಂದ ಖರೆಯೇ ಆಗಿತ್ತು. ಅವನು ಮುಚ್ಚಿದ ಒಳಬಾಗಿಲಿಗೆ ಕೈಮುಗಿದು ಹೋದ. ಬಾಗಿಲಿಗೆ ಕೈಮುಗಿಯುವವನನ್ನು ನಾನು ಮೊದಲ ಸಲ ನೋಡಿದ್ದು. ನಗು ಬಂತು.

ಹಿತ್ತಲಿಗೆ ಹೋದಾಗ ಕೆಳಗಿಂದ ಕೇಳಿದಳು: "ಅವ್ರ ದನಿ ಕೇಳಿದಂಗಾತು."

"ಕನಸು," ಅಂದೆ.

ಶೇಂಗಾ ಹೋಳಿಗೆ ಇವಳ ಹೊಟ್ಟೆಗೆ ಭಾರ. ಆರೂ ನಾನೇ ತಿಂದೆ.

೧೯ ಮೇ

ಈಗ ಹಗಲೆಲ್ಲ ಹೊರಸನ್ನು ಹಗೇವಿನ ಬಾಯಿಯ ಹತ್ತಿರ, ಬೇವಿನ ನೆರಳಲ್ಲಿ ಹಾಕಿಕೊಂಡು ಮಲಗುತ್ತೇನೆ. ಕೆಳಗಿನ ತಂಪು ಬಾಯಿಂದ ಮೇಲೆ ಬಂದು ಕೆನ್ನೆಗೆ ತಾಗುತ್ತದೆ. ಅವಳಿಗೆ ಹಳೆಯ ಮಾತೆಲ್ಲ ಹೇಳುತ್ತೇನೆ. ಅವಳು ಮೊದಲು ನಡೆದದ್ದು, ಹಲ್ಲು ಬಿದ್ದದ್ದು, ನನ್ನ ಸೀರೆ ಉಟ್ಟು ಬಿದ್ದದ್ದು. ಮದುವೆಯ ತನಕ ಬಂದು ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಅವಳು ಈಗ ಏನೂ ಕೇಳುವುದಿಲ್ಲ. ಈ ಮೂರು ವರ್ಷದಲ್ಲಿ ಇಷ್ಟು ಸುಖವಾಗಿ ನಾನು ಇರಲಿಲ್ಲ.

ನಿನ್ನೆ ಏಣಿ ಹಾಕಿ ಇಳಿದು ಮೈ ತೊಳೆದೆ. ಕೈ ಎತ್ತಿದರೆ ಬಳೆಗಳು ಮೊಳಕೈ ದಾಟಿ ಭುಜದ ತನಕ ಜಾರಿದವು. ಕಣ್ಣು ತೆರೆದಿದ್ದವು, ನನ್ನ ಮೇಲೆ ನೆಟ್ಟಿದ್ದವು. ಒಣಗುವುದು ಈ ಹಂತದ ಲಕ್ಷಣ, ಕಸುವೆಲ್ಲ ಒಳಗೆ ಸೇರಿರುತ್ತದೆ.

ದರ್ಜಿ ಕುಪ್ಪಸದ ಹೊಲಿಗೆ ಇನ್ನು ಬಿಚ್ಚಲು ಅರಿವೆಯೇ ಇಲ್ಲ, ಹೊಸದು ಹೊಲಿಸಿರಿ ಅಂದ.

೨೭ ಮೇ, ಭಾನುವಾರ

ಕುಂಡದ ಮಣ್ಣು ಬದಲಿಸೋಣ ಅಂತ ಕಾಡುಸೂರಣವನ್ನು ಎತ್ತಿದೆ. ಗಡ್ಡೆ ಮುಷ್ಟಿಯಷ್ಟಾಗಿದೆ. ಅದರ ಅಡಿಗೆ ಹೋದ ವರ್ಷದ ಗಡ್ಡೆ ಅಂಟಿಕೊಂಡಿತ್ತು, ಬರೀ ಸಿಪ್ಪೆ, ಒತ್ತಿದರೆ ಪುಡಿಯಾಯಿತು. ಪ್ರತಿ ವರ್ಷ ಹೊಸದು ಹಳೆಯದನ್ನು ಪೂರ್ತಿ ಹೀರಿಕೊಂಡೇ ಬೆಳೆಯುವುದು. "ಹಳೆಯದು ಹೊಸದಕ್ಕೆ ತನ್ನದೆಲ್ಲ ಕೊಡುತ್ತದೆ" ಅಂತಲೇ ಪಾಠ ಹೇಳುತ್ತಿದ್ದೆ. ನಾನೂ ಕೊಟ್ಟವಳಲ್ಲವೇ. ಈಗಲೂ ಕೊಡುತ್ತಿದ್ದೇನೆ.

ಇಮಾಮಬಿ ಗೋಡೆಯಾಚೆಯಿಂದ ಇಣುಕಿ, "ಯಾರ ಜೋಡಿ ಮಾತಾಡಾಕತ್ತಿದ್ರಿ ಮಧ್ಯಾಹ್ನದಾಗ?" ಅಂದಳು.

"ಗಿಡದ ಜೋಡಿ," ಅಂದೆ.

"ಗಿಡಾ ಏನಂತೈತಿ?"

ಮುದುಕಿಗೆ ಬೇರೆ ಕೆಲಸವಿಲ್ಲ.

೨ ಜೂನ್

ಗಾಳಿ ದಿಕ್ಕು ಬದಲಿಸಿದೆ. ಪಡುವಣದಲ್ಲಿ ಮೋಡ. ನನಗೆ ಸಮಾಧಾನವಿಲ್ಲ.

ಎಲ್ಲ ಗಡ್ಡೆಗಳೂ ಪ್ರತಿ ಮಳೆಗೂ ಏಳಲೇಬೇಕೆಂಬ ನಿಯಮವೇನೂ ಇಲ್ಲ. ಕೆಲವು ಒಂದು ಮಳೆಗಾಲವನ್ನು ಬಿಟ್ಟು ನೆಲದೊಳಗೇ ಇದ್ದು ಮರುವರ್ಷ ಏಳುತ್ತವೆ. ಪುಸ್ತಕದಲ್ಲೇ ಇದೆ. ಈ ಸತ್ಯವನ್ನು ಸಾಲೋಟಗಿಗೆ ಒಂದು ಕಾರ್ಡಿನಲ್ಲಿ ಬರೆದು ಹಾಕಿದೆ: "ಚನ್ನವ್ವನಿಗೆ ಇನ್ನೂ ಹುಷಾರಿಲ್ಲ. ಈ ಮಿರಗಕ್ಕೆ ಬರಬೇಡ. ಮುಂದಿನ ವರ್ಷ ನೋಡೋಣ. ಶಂಕ್ರೆವ್ವ."

೭ ಜೂನ್, ಗುರುವಾರ

ಕಾಡುಸೂರಣ ಹೂ ಬಿಟ್ಟಿದೆ! ಮಳೆ ಇನ್ನೂ ಬಿದ್ದಿಲ್ಲ, ಒಂದು ಹನಿ ನೀರು ನಾನು ಹಾಕಿಲ್ಲ. ಗಾಳಿಯ ಹಸಿ ತಾಗಿಯೇ ಎದ್ದಿದೆ. ಎಲೆ ಬರುವುದು ಆಮೇಲೆ, ಮೊದಲು ಹೂ. ಕರಿಗೆಂಪು ಹಾಳೆ ಸುತ್ತಿದ ಒಂದು ಕಡ್ಡಿ, ಮೊಳದುದ್ದ. ಅದರ ವಾಸನೆ ಮಾತ್ರ ಸತ್ತ ಪ್ರಾಣಿಯದು. ಕೊಳೆತ ಮಾಂಸವೆಂದು ನಂಬಿ ನೊಣಗಳು ಬರಬೇಕು, ಪರಾಗ ಹೊರಬೇಕು. ಹಿತ್ತಲ ತುಂಬ ನೊಣ.

ಸಂಜೆ ಇಮಾಮಬಿ ಮೂಗಿಗೆ ಸೆರಗು ಹಿಡಿದು ಮುಂಬಾಗಿಲಿಗೆ ಬಂದಳು. "ಅಕ್ಕೋರ, ನಿಮ್ಮ ಹಿತ್ತಲದಾಗ ಏನೋ ಸತ್ತೈತಿ."

ನಕ್ಕೆ. ಹೂವಿನ ವಿಷಯ ಹೇಳಿದೆ. ಆಕೆ ನಗಲಿಲ್ಲ. ಈ ಹೂವನ್ನು ಬೇಲಿಯಡಿ ನೂರು ಸಲ ಕಂಡ ಹೆಂಗಸು, ನಂಬಬಹುದಿತ್ತು.

"ಚನ್ನವ್ವ ಎಲ್ಲಿ?" ಅಂದಳು.

"ಒಳಗ."

"ಒಳಗ ಅಂದ್ರ ಎಲ್ಲಿ ಒಳಗ?"

ಬಾಗಿಲು ಹಾಕಿದೆ.

೯ ಜೂನ್, ಶನಿವಾರ

ನಾಲ್ಕರ ಬಸ್ಸಿಗೆ ಹೋದರು. ಮನೆಯಲ್ಲಿ ಈಗ ನಾನೊಬ್ಬಳೇ. ಮಳೆ ಸುರಿಯುತ್ತಿದೆ. ಎಲ್ಲ ಬರೆದಿಡುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ದಪ್ಪ ಹನಿಗಳು ಬಿದ್ದವು. ಹಗೇವಿನೊಳಗೆ ನೀರು ಇಳಿದರೆ ಇವಳು ನೆನೆಯುತ್ತಾಳೆ ಅಂತ ಕಲ್ಲನ್ನು ಬಾಯಿಗೆ ಎಳೆದೆ. ಮಾಲಕರ ಇಬ್ಬರು ಆಳುಗಳು ಉಸ್ಸಪ್ಪಾ ಅಂತ ಸರಿಸಿದ ಕಲ್ಲು, ನಾನೊಬ್ಬಳೇ ಎಳೆದೆ. ಕಲ್ಲು ಕೂಡುವ ಮುಂದೆ ಕೆಳಗಿಂದ, "ಅಕ್ಕಾ, ಮಳಿ ವಾಸನಿ," ಅಂದಳು. ಇವತ್ತು ಅಕ್ಕಾ ಅಂದಳು. ಆದರೂ ಕಲ್ಲನ್ನು ಎಳೆದು ಕೂಡಿಸಿದೆ.

ಹನ್ನೆರಡರ ಸುಮಾರಿಗೆ ರೇವಪ್ಪ ಬಂದ. ಪೂರ್ತಿ ತೊಯ್ದಿದ್ದ. ಕೈಯಲ್ಲಿ ನನ್ನ ಕಾರ್ಡು, ಶಾಯಿ ಎಲ್ಲ ಹರಿದು ನೀಲಿ ನೀರಾಗಿತ್ತು. ಹಿಂದೆ ಇಮಾಮಬಿ. ಓಣಿಯ ತಿರುವಿನಲ್ಲೇ ಅವನನ್ನು ನಿಲ್ಲಿಸಿ ಏನು ಹೇಳಿದಳೋ, ಅವನ ಮುಖ ಬಿಳುಪೇರಿತ್ತು. ಕಾಲಲ್ಲಿದ್ದುದನ್ನೂ ಬಿಡದೆ ಸೀದಾ ಒಳಕೋಣೆಗೆ ನುಗ್ಗಿದ. ಖಾಲಿ ಹಾಸಿಗೆ ನೋಡಿದ.

"ಎಲ್ಲಿ ಅದಾಳ್ರಿ ಅಕ್ಕಾರ?"

ಹಿತ್ತಲ ಬಾಗಿಲು ತೆರೆದಿತ್ತು. ಮಳೆಗೆ ವಾಸನೆ ಇನ್ನೂ ದಟ್ಟವಾಗಿ ಒಳಗೆ ಬಂತು. ಅವನು ಆ ಕಡೆ ಎರಡು ಹೆಜ್ಜೆ ಹಾಕಿ, ಹೊಸ್ತಿಲಲ್ಲೇ ಕುಸಿದು ಕೂತ. "ಯಾವಾಗ?" ಅಂದ. "ಯಾವಾಗ ಹೋದ್ಲು? ನನಗ ಯಾಕ ಹೇಳಲಿಲ್ಲ?"

"ಅದು ಹೂವಿನ ವಾಸನಿ," ಅಂದೆ. ಕುಂಡ ತೋರಿಸಿದೆ. ಅವನು ಕುಂಡವನ್ನು ನೋಡಲಿಲ್ಲ. ಇಮಾಮಬಿ ನೋಡುತ್ತಿದ್ದ ಕಡೆ ನೋಡಿದ. ಹಸಿ ಮಣ್ಣಿನ ಮೇಲೆ ಕಲ್ಲು ಎಳೆದ ಗುರುತು ಹೊಚ್ಚ ಹೊಸದಾಗಿತ್ತು.

ಅವನು ಕಲ್ಲನ್ನು ಎರಡೂ ಕೈಯಿಂದ ಹಿಡಿದು ತಳ್ಳಿದ. "ತಡೀಪಾ, ಮದಲ ದೀಪಾ ಇಳಸು! ಮುಚ್ಚಿದ ಹಗೇವದಾಗ ಕೆಟ್ಟ ಗಾಳಿ ಇರ್ತೈತಿ!" ಅಂತ ಇಮಾಮಬಿ ಚೀರಿದಳು. ಇಲ್ಲಿಯವರು ಯಾರೂ ದೀಪ ಇಳಿಸಿ, ಅದು ಉರಿಯುವುದನ್ನು ನೋಡದೆ ಹಗೇವಿಗೆ ಇಳಿಯುವುದಿಲ್ಲ. ಅವನು ಕೇಳಿಸಿಕೊಳ್ಳಲೇ ಇಲ್ಲ. ಕೆಸರಲ್ಲಿ ಹೊಟ್ಟೆಯ ಮೇಲೆ ಬಿದ್ದು, ತಲೆಯನ್ನು ಬಾಯೊಳಗೆ ಇಳಿಬಿಟ್ಟು ಕೂಗಿದ: "ಚನ್ನೀ!"

ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಒಂದು ಗಳಿಗೆ ನಾನು ದೇವರಲ್ಲಿ ಏನು ಬೇಡಿಕೊಂಡೆನೋ, ಅದನ್ನು ಇಲ್ಲಿಯೂ ಬರೆಯಲಾರೆ.

"ಬಂದ್ರೇನ್ರಿ?" ಅಂತು ಕೆಳಗಿನ ದನಿ.

ರೇವಪ್ಪ ಹಾಗೇ ಜಿಗಿದ. ಕೆಳಗೆ ಅವನು ಅಳುವುದು ಕೇಳಿಸುತ್ತಿತ್ತು. ಇಮಾಮಬಿ ಏಣಿ ಹುಡುಕುತ್ತ ಹಿತ್ತಲೆಲ್ಲ ತಿರುಗಿ, ಕಣಕಿಯ ಬಣವೆಯ ಹಿಂದೆ ಅದನ್ನು ಕಂಡಳು. ಎಳೆದು ತರುವಾಗ ಅದರ ಮೆಟ್ಟಿಲ ತುಂಬ ಜೇಡರ ಬಲೆ. ಬಲೆಯನ್ನು ಬೆರಳಿಂದ ತೆಗೆದು ನೋಡಿದಳು, ನನ್ನನ್ನು ನೋಡಿದಳು, ಏಣಿ ಇಳಿಸಿದಳು.

ಅವನು ಹೆಂಡತಿಯನ್ನು ಬೆನ್ನಿಗೆ ಸೀರೆಯಿಂದ ಕಟ್ಟಿಕೊಂಡು ಮೇಲೆ ಬಂದ. ಬೆಳಕಿಗೆ ಬಂದಾಗಲೇ ನಾನು ಅವಳನ್ನು ನಿಜವಾಗಿ ನೋಡಿದ್ದು. ಕೊರಳು ನನ್ನ ಮಣಿಕಟ್ಟಿನಷ್ಟಿತ್ತು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ನಾಲಿಗೆ ಹೊರಗೆ ಚಾಚಿ ಮಳೆಯನ್ನು ಕುಡಿಯುತ್ತಿದ್ದಳು. ಇಮಾಮಬಿ ತನ್ನ ಮನೆಯಿಂದ ಗಂಜಿ ತಂದಳು. ಗುಟುಕು ಗುಟುಕಾಗಿ ಕುಡಿಸಿದಳು, ಒಮ್ಮೆಲೆ ಕೊಡಬಾರದು ಅಂದಳು. ಬೋಗುಣಿ ಖಾಲಿಯಾದ ಮೇಲೂ ಚನ್ನಿ ಅದರ ಅಂಚನ್ನು ಬೆರಳಿಂದ ಬಳಿಯುತ್ತಿದ್ದಳು.

ರೇವಪ್ಪ ನನ್ನ ಮುಂದೆ ಬಂದು ನಿಂತ. ಅವನ ಮುಷ್ಟಿ ಬಿಗಿದಿತ್ತು. ಮೂರು ವರ್ಷದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ತೆಗ್ಗಿನ್ಯಾಗ ಯಾಕ ಇಟ್ಟಿದ್ರಿ? ಮಾತ ಇಲ್ಲಂತ ಹೇಳಿದ್ರಿ. ಈಕಿ ಯಾವಾಗಿಂದ ಮಾತಾಡಾಕತ್ಯಾಳ?"

ಬಾಯಿ ತೆರೆದೆ. ಏನೂ ಬರಲಿಲ್ಲ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಮಾತಾಡಿದ ಬಾಯಿ.

"ಈಗ," ಅಂದಳು ಚನ್ನಿ, ಗೋಡೆಗೆ ಒರಗಿದಲ್ಲಿಂದ. ದನಿ ಸಣ್ಣದಿತ್ತು, ಆದರೆ ತಡವರಿಸಲಿಲ್ಲ. "ನೀವು ಕರದ್ರಲ್ಲ, ಆಗ ಬಂತು ಮಾತು. ಅದಕ್ಕ ಮದಲ ಇದ್ದಿಲ್ಲ."

"ಮತ್ತ ಹಗೇವದಾಗ?"

"ನಾನ ಇಳದೇನಿ. ಬಿಸಲ ತಾಳಲಿಲ್ಲ ನನಗ. ಅಕ್ಕ ಬ್ಯಾಡ ಬ್ಯಾಡಂದ್ರೂ ಕೇಳಲಿಲ್ಲ. ಊಟಾನೂ ನಾನ ಒಲ್ಲೆ ಅಂದೇನಿ. ಮಳಿ ಬಂತಂತ ಈಗರೆ ಕಲ್ಲ ಮುಚ್ಚಿದ್ಲು ಪಾಪ."

ಇದೆಲ್ಲ ಹೇಳುವಾಗ ಅವಳು ನೋಡುತ್ತಿದ್ದುದು ಅವನನ್ನಲ್ಲ, ನನ್ನನ್ನು. ಆರು ವರ್ಷದವಳಿದ್ದಾಗ ಒಂದು ಸುಳ್ಳು ಹೇಳಿದ್ದಕ್ಕೆ ನಾನು ಅವಳ ಕೆನ್ನೆಗೆ ಬಾರಿಸಿದ್ದೆ. ಆಮೇಲೆ ಎಂದೂ ಅವಳು ಸುಳ್ಳು ಹೇಳಿರಲಿಲ್ಲ. ಇವತ್ತು ಒಂದರ ಮೇಲೊಂದು ಹೇಳಿದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ, ಇರಲಿಲ್ಲ.

ರೇವಪ್ಪನ ಮುಷ್ಟಿ ಬಿಚ್ಚಿತು. ಅವಳನ್ನು ನೋಡಿದ, ನನ್ನನ್ನು ನೋಡಿದ. ಅವಳ ಮಾತನ್ನು ನಂಬುವುದು ಬಿಟ್ಟು ಅವನಿಗೆ ಬೇರೇನೂ ಬೇಡವಾಗಿತ್ತು. ಕೆಸರಾದ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಒರೆಸಿಕೊಂಡಷ್ಟೂ ಅವು ಕೆಸರೇ ಆದವು.

"ಏನೇನೋ ತಿಳಕೊಂಡ ಬಂದಿದ್ನಿ ಅಕ್ಕಾರ. ತಪ್ಪಾತ್ರಿ. ನಾಕ ತಿಂಗಳ ಹಗಲೂ ರಾತ್ರಿ ಜ್ವಾಪಾನ ಮಾಡೀರಿ. ನಿಮ್ಮಿಂದ ಈಕಿ ಮತ್ತ ನನಗ ಸಿಕ್ಕಳು," ಅಂದು ಬಗ್ಗಿ, ನನ್ನ ಪಾದದ ಮೇಲೆ ಹಣೆ ಇಟ್ಟ.

ಇಮಾಮಬಿ ಮುಖ ಆ ಕಡೆ ತಿರುಗಿಸಿದಳು. ಚನ್ನಿ ತಿರುಗಿಸಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ಅವನ ಹಣೆ ಬಿಸಿಯಾಗಿತ್ತು, ಬಹಳ ಹೊತ್ತು ಅಲ್ಲೇ ಇತ್ತು.

ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.